ದುರ್ಗಾಸ್ತಮಾನವೂ ದೇಶವಿರಹವೂ

ಕಾವ್ಯದಲ್ಲಿ ದುಃಖವನ್ನು ನಿರೂಪಿಸುವ ಬಗೆಗಳು ಹಲವು. ಅವುಗಳಲ್ಲಿ ಕರುಣಕ್ಕೂ ವಿಪ್ರಲಂಭಕ್ಕೂ ಇರುವ ಭೇದವನ್ನು ಭರತಮುನಿಯು ನಾಟ್ಯಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ಬಹು ಸೂಕ್ಷ್ಮವಾಗಿ ತೋರಿಸಿದ್ದಾನೆ. ಅಗಲಿದ್ದು ಮತ್ತೆ ದೊರೆಯುವುದೆಂಬ ಆಸೆ ಉಳಿದಿದ್ದರೆ ವಿಪ್ರಲಂಭ. ಆ ಆಸೆ ಬೇರುಸಹಿತ ಅಳಿದಿದ್ದರೆ ಕರುಣ. ಈ ವಿಭಾಗವು ನಾಯಕನಾಯಿಕೆಯರ ಅಗಲಿಕೆಗೆ ಚೆನ್ನಾಗಿ ಹೊಂದುತ್ತದೆ. ಆದರೆ ಯುದ್ಧದ ದೆಸೆಯಿಂದ ಹುಟ್ಟೂರನ್ನು ಕಳೆದುಕೊಂಡವನ ಅಳಲು ಯಾವುದಕ್ಕೆ ಸೇರಬೇಕು? ಅವನ ಊರು ಸತ್ತಿಲ್ಲ. ಅದೇ ಬೆಟ್ಟ, ಅದೇ ಹೊಂಡ, ಅದೇ ಗುಡಿ ಇದ್ದಲ್ಲಿಯೇ ಇವೆ. ಅವನ ಪಾಲಿಗೆ ಮಾತ್ರ ಇಲ್ಲ. ಆಸೆಯನ್ನು ಇಟ್ಟುಕೊಳ್ಳಲಾರ, ಬಿಡಲೂ ಆರ. ಈ ಭಾವವನ್ನು ದೇಶವಿರಹವೆಂದು ಕರೆದು, ನಮ್ಮ ಸೀಮೆಗೆ ಅತಿ ಸಮೀಪವಾದ ‘ದುರ್ಗಾಸ್ತಮಾನ’ ಎಂಬ ಕಾದಂಬರಿಯಲ್ಲಿ ಅದು ಎಷ್ಟರಮಟ್ಟಿಗೆ ಸಿದ್ಧಿಸಿದೆಯೆಂಬುದನ್ನು ಇಲ್ಲಿ ವಿಚಾರಿಸಬೇಕೆಂದಿದ್ದೇನೆ.

ಊರನ್ನು ನೆನೆದು ಹಂಬಲಿಸುವುದು ನಮ್ಮ ಕವಿಗಳಿಗೆ ಹೊಸದಲ್ಲ. ಹತ್ತನೆಯ ಶತಮಾನದಲ್ಲಿ ಅರಿಕೇಸರಿಯ ಆಶ್ರಯದಲ್ಲಿದ್ದ ಪಂಪನು ತನ್ನ ಭಾರತದಲ್ಲಿ ಅರ್ಜುನನನ್ನು ಬನವಾಸಿಗೆ ಕರೆತಂದಾಗ, ಅಲ್ಲಿ ಮಿಡಿಯುವ ಹೃದಯ ಅರ್ಜುನನದಲ್ಲ, ಕವಿಯದೇ ಎಂಬುದನ್ನು ಓದಿದವರೆಲ್ಲರೂ ಬಲ್ಲರು. ಮುಂದಿನ ಶತಮಾನದಲ್ಲಿ ಕಾಶ್ಮೀರದಿಂದ ಬಂದು ಕಲ್ಯಾಣದ ಆರನೆಯ ವಿಕ್ರಮಾದಿತ್ಯನ ವಿದ್ಯಾಪತಿಯಾದ ಬಿಲ್ಹಣನು, ‘ವಿಕ್ರಮಾಂಕದೇವಚರಿತ’ದ ಕೊನೆಯ ಸರ್ಗದಲ್ಲಿ ದೊರೆಯ ಕಥೆಯನ್ನು ಬಿಟ್ಟು ತನ್ನ ಕಾಶ್ಮೀರವನ್ನೂ ಹುಟ್ಟಿದ ಹಳ್ಳಿಯನ್ನೂ ವರ್ಣಿಸಿದನು. ಆದರೆ ಇವರಿಬ್ಬರೂ ಆಸ್ಥಾನದ ಮನ್ನಣೆಯಲ್ಲಿ ಬಾಳಿದವರು. ಕತ್ತಿಯ ಮೊನೆ ಇವರನ್ನು ಊರಿನಿಂದ ಹೊರಡಿಸಲಿಲ್ಲ. ಇವರ ಹಂಬಲದಲ್ಲಿ ಒಂದು ಬಗೆಯ ಇಂಪಿದೆ. ಅದು ವಿಪ್ರಲಂಭದ ನೆರೆಯದು.

ಕತ್ತಿಯ ಮೊನೆಯಿಂದ ಹೊರಟವರ ಕಥೆ ನಮಗೆ ದೂರದ್ದಲ್ಲ. 1779ರಲ್ಲಿ ಹೈದರಾಲಿಯು ಚಿತ್ರದುರ್ಗವನ್ನು ಹಿಡಿದನು. ಮದಕರಿನಾಯಕನನ್ನೂ ಅವನ ಮನೆಯವರನ್ನೂ ಶ್ರೀರಂಗಪಟ್ಟಣಕ್ಕೆ ಸೆರೆಯಾಗಿ ಒಯ್ದರೆಂದೂ, ದುರ್ಗದ 20,000 ಮಂದಿ ಬೇಡನಾಯಕ ಜನರನ್ನು ಅದೇ ದ್ವೀಪಕ್ಕೆ ಸಾಗಿಸಿದರೆಂದೂ, ಅವರ ಬಲವನ್ನು ಮುರಿಯುವುದೇ ಇದರ ಉದ್ದೇಶವೆಂದೂ, ಅವರ ಹುಡುಗರನ್ನು ಆರಿಸಿ ಚೇಲಾ ಎಂಬ ಪಡೆಗಳನ್ನು ಕಟ್ಟಿದರೆಂದೂ ರೈಸ್ ಸಾಹೇಬರ ಮೈಸೂರು ಗ್ಯಾಸೆಟಿಯರು ಹೇಳುತ್ತದೆ. ಇತಿಹಾಸಕಾರನು ಇದನ್ನು ಎರಡು ವಾಕ್ಯಗಳಲ್ಲಿ ಮುಗಿಸಿದ್ದಾನೆ. ಅದು ಅವನ ಧರ್ಮ. ಕವಿಯ ಧರ್ಮ ಬೇರೆ.

ತ. ರಾ. ಸುಬ್ಬರಾಯರು 1920ರಲ್ಲಿ ಹರಿಹರ ತಾಲ್ಲೂಕಿನ ಮಲೇಬೆನ್ನೂರಿನಲ್ಲಿ ಹುಟ್ಟಿದವರು. ಆದುದರಿಂದ ಅವರು ನಮ್ಮವರೆಂಬ ಅಭಿಮಾನ ಸಹಜವೇ. ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’ ಮೊದಲಾದ ಕಾದಂಬರಿಗಳಲ್ಲಿ ದುರ್ಗದ ಚರಿತ್ರೆಯನ್ನು ಬಿಡದೆ ಬೆನ್ನಟ್ಟಿದ ಅವರು 1982ರಲ್ಲಿ ‘ದುರ್ಗಾಸ್ತಮಾನ’ವನ್ನು ಪ್ರಕಟಿಸಿದರು. 1984ರಲ್ಲಿ ಅವರು ತೀರಿಕೊಂಡ ಮೇಲೆ, 1985ರಲ್ಲಿ, ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಅದಕ್ಕೆ ಗ್ರಂಥವು ಅರ್ಹವೇ ಆಗಿದೆ. ಏಳು ಸುತ್ತಿನ ಕೋಟೆ ಅಲ್ಲಿ ಬರಿಯ ರಂಗಸ್ಥಳವಲ್ಲ, ಉಸಿರಾಡುವ ಪಾತ್ರ. ದೊರೆಯ ಅಭಿಮಾನ, ಪಾಳೆಯಪಟ್ಟಿನ ರಾಜಕಾರಣದ ಇಕ್ಕಟ್ಟು, ಸಮೀಪಿಸುತ್ತಿರುವ ಕೇಡಿನ ನೆರಳು, ಇವುಗಳನ್ನು ಇಷ್ಟು ವಿಸ್ತಾರವಾಗಿಯೂ ಬಿಗುವಾಗಿಯೂ ನಡೆಸಿದ ಐತಿಹಾಸಿಕ ಕಾದಂಬರಿಗಳು ಕನ್ನಡದಲ್ಲಿ ವಿರಳ. ವೀರವು ಅಂಗವಾಗಿ ಕರುಣವು ಅಂಗಿಯಾಗಿ ನಿಂತಿರುವ ಕೃತಿ ಇದು.

ಆದರೂ ಒಂದು ಕೊರತೆಯನ್ನು ಹೇಳದೆ ಗತಿಯಿಲ್ಲ. ಹೆಸರೇ ಸೂಚಿಸುವಂತೆ ಕೃತಿಯ ದೃಷ್ಟಿಯೆಲ್ಲ ಅಸ್ತಮಾನದ ಮೇಲೆ ನೆಟ್ಟಿದೆ. ಕೋಟೆ ಬೀಳುವುದರೊಡನೆ ಕಥೆಯ ಉಸಿರೂ ನಿಲ್ಲುತ್ತದೆ. ಸೂರ್ಯನು ಮುಳುಗಿದ ಮೇಲೆ ಇರುಳನ್ನು ಕಳೆಯಬೇಕಾದವರು ಯಾರು? ಆ 20,000 ಮಂದಿ. ಕೋಟೆಯ ಪತನ ಒಂದು ದಿನದ ಕೆಲಸ. ಕೋಟೆಯ ಹಂಬಲ ಮೂರು ತಲೆಮಾರಿನದು. ದೇಶವಿರಹವು ಮೊದಲಾಗುವ ಎಡೆಯಲ್ಲಿಯೇ ಕಾದಂಬರಿಕಾರರು ಲೇಖನಿಯನ್ನು ಕೆಳಗಿಟ್ಟಿದ್ದಾರೆ.

ಅಸ್ತಮಾನದ ಕಥೆಗೆ ಅದೇ ಎಲ್ಲೆಯಲ್ಲವೆ ಎಂದು ಸಹೃದಯರು ಆಕ್ಷೇಪಿಸಬಹುದು. ಅದಕ್ಕೆ ವ್ಯಾಸರೇ ಉತ್ತರ. ಮೌಸಲಪರ್ವದಲ್ಲಿ ಯಾದವರು ತಮ್ಮತಮ್ಮಲ್ಲೇ ಹೊಡೆದಾಡಿ ಅಳಿದ ಮೇಲೆ, ಕೃಷ್ಣನು ದೇಹವನ್ನು ಬಿಟ್ಟ ಮೇಲೆ, ಕಥೆಯನ್ನು ಅಲ್ಲಿಗೆ ನಿಲ್ಲಿಸಬಹುದಾಗಿತ್ತು. ವ್ಯಾಸರು ನಿಲ್ಲಿಸಲಿಲ್ಲ. ಉಳಿದ ಹೆಂಗಸರು, ಮಕ್ಕಳು, ಮುದುಕರು ಅರ್ಜುನನ ಹಿಂದೆ ದ್ವಾರಕೆಯನ್ನು ಬಿಟ್ಟು ಹೊರಟುದನ್ನೂ, ಹಿಂದೆ ಸಮುದ್ರವು ಊರನ್ನು ನುಂಗಿದುದನ್ನೂ, ದಾರಿಯಲ್ಲಿ ಕಳ್ಳರು ಮೇಲೆ ಬಿದ್ದಾಗ ಗಾಂಡೀವವು ನಿಷ್ಫಲವಾದುದನ್ನೂ, ಕೊನೆಗೆ ಅಳಿದುಳಿದವರು ಒಬ್ಬೊಬ್ಬರು ಒಂದೊಂದು ಕಡೆ ನೆಲೆಗೊಂಡುದನ್ನೂ ಹೇಳಿದರು. ಮಡಿದವರನ್ನು ಹಾಡಿದ ಮಹಾಕವಿ ನಡೆದವರ ಜೊತೆಗೂ ನಡೆದನು.

ನಡೆದವರ ಕಥೆಯಲ್ಲಿ ಕವಿಗೆ ಎಂತಹ ಸಾಮಗ್ರಿಯಿದೆಯೆಂಬುದನ್ನು ನೋಡಿ. ದುರ್ಗವು ಬಂಡೆಯ ನಾಡು. ಮಳೆಯ ನೀರನ್ನು ಹೊಂಡಗಳಲ್ಲಿ ಹಿಡಿದು ಕಾಪಾಡಿಕೊಂಡು ಬಾಳಿದ ಜನ ಅದರವರು. ಅವರನ್ನು 200 ಕಿಲೋಮೀಟರಿನಾಚೆಗೆ, ನಾಲ್ಕು ದಿಕ್ಕಿಗೂ ಕಾವೇರಿ ಹರಿಯುವ ದ್ವೀಪಕ್ಕೆ ತಂದು ಬಿಟ್ಟರು. ಕಣ್ಣೆದುರಿಗೆ ಬತ್ತದ ಹೊಳೆ ಹರಿಯುತ್ತಿದ್ದರೂ ಮನಸ್ಸು ಹೊಂಡದ ನೀರನ್ನೇ ಬಯಸಿದ್ದರೆ ಆಶ್ಚರ್ಯವೇನು? ಹಂಬಲವು ಅನುಕೂಲವನ್ನು ಕೇಳಿ ಹುಟ್ಟುವುದಿಲ್ಲ. ಇನ್ನು ಆ ಹುಡುಗರು: ತಮ್ಮ ಊರನ್ನು ಗೆದ್ದವನ ಪಡೆಯಲ್ಲಿಯೇ ಬೆಳೆದು, ಅವನ ಆಣತಿಯಂತೆ ಹೆಜ್ಜೆಯಿಟ್ಟವರು. ತಾಯಿಯ ನೆನಪಿನಲ್ಲಿರುವ ಊರು ಮಗನಿಗೆ ಬರಿಯ ಹೆಸರಾಗುವ ಆ ಗಳಿಗೆಯೇ ದೇಶವಿರಹದ ಪರಾಕಾಷ್ಠೆ. ಓಬವ್ವನ ಒನಕೆಯನ್ನು ಕೊಂಡಾಡುವ ನಾವು ಆ ತಾಯಂದಿರಿಗಾಗಿ ಒಂದು ಪದ್ಯವನ್ನಾದರೂ ಕೊಡಬೇಡವೆ?

ಸುಬ್ಬರಾಯರಿಗೆ ಈ ಶಕ್ತಿ ಇರಲಿಲ್ಲವೆಂದಲ್ಲ. ದುರ್ಗದ ಸಂಗೀತಗಾರ ಭೈರವಿ ವೆಂಕಟಸುಬ್ಬಯ್ಯನು ಟಿಪ್ಪುವಿನ ಮುಂದೆ ಹಾಡಲೊಲ್ಲದೆ ನಾಲಗೆಯನ್ನೇ ಕತ್ತರಿಸಿಕೊಂಡನೆಂಬ ಐತಿಹ್ಯವನ್ನು ಹಿಡಿದು ಅವರು 1952ರಲ್ಲಿ ‘ಹಂಸಗೀತೆ’ಯನ್ನು ಬರೆದರು, 1975ರಲ್ಲಿ ಜಿ. ವಿ. ಅಯ್ಯರ್ ಅದನ್ನು ಚಲನಚಿತ್ರವಾಗಿಸಿದರು. ನಾಲಗೆಯಿಲ್ಲದ ಹಾಡುಗಾರನಿಗಿಂತ, ನಾಡನ್ನು ಕಳೆದುಕೊಂಡವರಿಗೆ ತಕ್ಕ ಪ್ರತೀಕ ಬೇರೊಂದು ಉಂಟೆ? ಆದರೆ ಆ ಕಾದಂಬರಿ ಕಲಾವಿದನೊಬ್ಬನ ವ್ರತದ ಕಡೆಗೆ ತಿರುಗಿತು. ಜನಸಮೂಹದ ಮೌನವು ಹಾಗೆಯೇ ಉಳಿಯಿತು.

ಇದು ಹಳೆಯ ಕಥೆಯೆಂದು ತಳ್ಳಿಹಾಕುವಂತಿಲ್ಲ. 1947ರ ವಿಭಜನೆಯಲ್ಲಿ ಮನೆಮಾರು ಬಿಟ್ಟವರು, 1990ರಲ್ಲಿ ಕಾಶ್ಮೀರದ ಕಣಿವೆಯನ್ನು ತೊರೆದ ಪಂಡಿತರು, ನಮ್ಮ ಮುಂಡಗೋಡು ಬೈಲುಕುಪ್ಪೆಗಳಲ್ಲಿ ನೆಲೆಸಿರುವ ಟಿಬೆಟಿಯರು, ಇವರೆಲ್ಲರ ಅಳಲೂ ಇದೇ ಜಾತಿಯದು. ನಮ್ಮ ಜಿಲ್ಲೆಯವರಿಗಂತೂ ಇದರಲ್ಲಿ ಇನ್ನೊಂದು ಋಣವುಂಟು. 1763ರಲ್ಲಿ ಹೈದರನ ವಶವಾದ ಹರಿಹರವನ್ನು ಅನಂತರ ಮರಾಠರು ಮತ್ತೆ ಮತ್ತೆ ಹಿಡಿದರು. ದಂಡಿನ ದಾರಿಯಲ್ಲಿರುವ ಊರಿನ ಬಾಳು ಎಂಥದೆಂಬುದನ್ನು ಆ ಹೊಳೆಯ ದಂಡೆ ಅರಿತಿದೆ. ದಾವಣಗೆರೆಯಾದರೋ ಸಣ್ಣ ಹಳ್ಳಿಯಾಗಿದ್ದು, ಅದೇ ಹೈದರನು ಅಪ್ಪೋಜಿರಾಮನೆಂಬ ಮರಾಠ ಸರದಾರನಿಗೆ ಜಹಗೀರಾಗಿ ಕೊಟ್ಟ ಮೇಲೆ, ಅವನು ವರ್ತಕರನ್ನು ಕರೆದು ನೆಲೆಗೊಳಿಸಿದ್ದರಿಂದ ಬೆಳೆಯಿತು. ದುರ್ಗವನ್ನು ಬರಿದುಮಾಡಿದ ಕೈಯೇ ದಾವಣಗೆರೆಯ ಏಳಿಗೆಗೆ ಕಾರಣವಾಯಿತು. ಬಂದು ನೆಲೆಸಿದವರ ಊರಿಗೆ, ನೆಲೆ ತಪ್ಪಿದವರನ್ನು ನೆನೆಯುವ ಹೊಣೆಯೂ ಇದೆ.

‘ದುರ್ಗಾಸ್ತಮಾನ’ವನ್ನು ಮನೆಮನೆಯಲ್ಲಿಯೂ ಓದಲಿ, ಓದಿಸಲಿ, ಅದರ ಮೇಲ್ಮೆಗೆ ನನ್ನ ಈ ಆಕ್ಷೇಪದಿಂದ ಕುಂದಿಲ್ಲ. ಆದರೆ ಕೊನೆಯ ಪುಟವನ್ನು ಮಗುಚಿದ ತರುಣ ಲೇಖಕನು ಶ್ರೀರಂಗಪಟ್ಟಣದ ಹಾದಿಯ ಕಡೆಗೆ ಒಮ್ಮೆ ತಿರುಗಿ ನೋಡಲಿ. ಅಲ್ಲಿ ಹೆಸರಿಲ್ಲದ 20,000 ಮಂದಿ ನಡೆಯುತ್ತಿದ್ದಾರೆ. ಅವರ ಕಥೆಯನ್ನು ಬರೆಯುವ ಕನ್ನಡಿಗನು ನಮ್ಮ ಸೀಮೆಯವನೇ ಆಗಲೆಂದು ಹಾರೈಸುತ್ತೇನೆ.