ಹಳೆ ಕಂಪ್ಯೂಟರಿಗೆ ಲಿನಕ್ಸ್ ತಲುಪುವ ದಾರಿ

2005ರಲ್ಲಿ ಬಿಎಸ್ಸೆನ್ನೆಲ್ ಬ್ರಾಡ್‌ಬ್ಯಾಂಡ್ ಮನೆಗಳಿಗೆ ಬಂದಾಗ ಅದರ ಸಾಮಾನ್ಯ ವೇಗ ಸೆಕೆಂಡಿಗೆ 256 ಕಿಲೋಬಿಟ್. ತಿಂಗಳ ಡೇಟಾಗೆ ಮಿತಿಯಿತ್ತು. ಮುಂದೆ ಕೆಲವು ಪ್ಲಾನುಗಳಲ್ಲಿ ಮಾತ್ರ ರಾತ್ರಿ ಎರಡರಿಂದ ಬೆಳಿಗ್ಗೆ ಎಂಟರವರೆಗೆ ಎಷ್ಟು ಇಳಿಸಿಕೊಂಡರೂ ಲೆಕ್ಕಕ್ಕೆ ಬರುತ್ತಿರಲಿಲ್ಲ. ಆಗ ಲಿನಕ್ಸ್ ಎಂಬ ಮುಕ್ತ ಆಪರೇಟಿಂಗ್ ಸಿಸ್ಟಮ್ಮಿನ ಸಿಡಿಯೊಂದರ ಗಾತ್ರ 700 ಎಂಬಿ. ಒಂದು ಕ್ಷಣವೂ ತಡೆಯದೆ ಪೂರ್ತಿ ವೇಗದಲ್ಲಿ ಇಳಿದರೂ ಅದಕ್ಕೆ ಆರು ಗಂಟೆ ಹದಿಮೂರು ನಿಮಿಷ ಬೇಕು. ಪುಕ್ಕಟೆ ಸಿಗುತ್ತಿದ್ದದ್ದು ಆರು ಗಂಟೆ. ಉಳಿದ ಹದಿಮೂರು ನಿಮಿಷಕ್ಕೆ ಇನ್ನೊಂದು ರಾತ್ರಿ ಎದ್ದು ಕೂರಬೇಕು, ನಡುವೆ ಕರೆಂಟು ಹೋದರೆ ಮೂರನೆಯ ರಾತ್ರಿ. ನಿಂತಲ್ಲಿಂದ ಮುಂದುವರಿಸುವ ‘ಡಬ್ಲ್ಯುಗೆಟ್’ (wget) ಎಂಬ ಪುಟ್ಟ ಪ್ರೋಗ್ರಾಂ ಇಲ್ಲದಿದ್ದರೆ ಬೆಂಗಳೂರಿನ ಎಷ್ಟೋ ಮನೆಗಳಿಗೆ ಲಿನಕ್ಸ್ ಕಾಲಿಡುತ್ತಲೇ ಇರಲಿಲ್ಲ.

ಲಿನಕ್ಸ್ ಬಗ್ಗೆ ಕನ್ನಡದಲ್ಲಿ ಬಂದಿರುವ ಬರಹಗಳು ಬಹುಪಾಲು ಅದರ ಗುಣಗಾನ: ದುಡ್ಡು ಕೊಡಬೇಕಿಲ್ಲ, ವೈರಸ್ ಕಾಟ ಕಡಿಮೆ, ಹಳೆ ಯಂತ್ರದಲ್ಲೂ ಓಡುತ್ತದೆ. ಇವೆಲ್ಲ ನಿಜ. ಆದರೆ ಅದು ಬಳಸುವವರ ಕೈಗೆ ಬರುವ ಬಗೆಯನ್ನು ಯಾರೂ ಅಷ್ಟಾಗಿ ಪರೀಕ್ಷೆಗೆ ಒಡ್ಡಿಲ್ಲ. ಯಾವ ತಟ್ಟೆಯಲ್ಲಿ, ಯಾವ ಪೆನ್‌ಡ್ರೈವಿನಲ್ಲಿ, ಯಾರ ಮೂಲಕ ಬರುತ್ತದೆ? ಹಳೆ ಕಂಪ್ಯೂಟರ್ ಇಟ್ಟುಕೊಂಡವರ ಕಡೆಯಿಂದ ನೋಡಿದರೆ ಇಪ್ಪತ್ತು ವರ್ಷಗಳಲ್ಲಿ ಲಿನಕ್ಸ್ ಎಲ್ಲ ಬಗೆಯಲ್ಲೂ ಸುಧಾರಿಸಿದೆ, ಈ ಒಂದು ವಿಷಯದಲ್ಲಿ ಮಾತ್ರ ಅವರಿಂದ ದೂರ ಸರಿದಿದೆ.

ಇದು ಈಗ ಮಾತಾಡಬೇಕಾದ ವಿಷಯ. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲ ನಿಂತಿತು. ವಿಂಡೋಸ್ 11 ಬೇಕೆಂದರೆ ಟಿಪಿಎಂ 2.0 ಚಿಪ್ ಇರಬೇಕು, ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೆಯ ತಲೆಮಾರಿನ ಪ್ರೊಸೆಸರ್ ಆಗಬೇಕು. ಯಲಹಂಕ ನ್ಯೂ ಟೌನ್‌ನಲ್ಲಿ ರೈಲು ಗಾಲಿ ಕಾರ್ಖಾನೆಯಿಂದ ನಿವೃತ್ತರಾದವರ ಮನೆ, ಆರ್.ಟಿ. ನಗರದ ಟ್ಯೂಷನ್ ಕೊಠಡಿ, ಮತ್ತಿಕೆರೆಯ ಜೆರಾಕ್ಸ್ ಅಂಗಡಿ, ಹೆಬ್ಬಾಳದ ಬಾಡಿಗೆ ಕೋಣೆ, ಇಂಥ ಕಡೆ ಇರುವ ಕೋರ್ 2 ಡ್ಯುಯೊ ಡೆಸ್ಕ್‌ಟಾಪು, ಎರಡನೆಯ ತಲೆಮಾರಿನ ಐ3 ಲ್ಯಾಪ್‌ಟಾಪುಗಳಿಗೆ ಆ ಬಾಗಿಲು ಮುಚ್ಚಿದೆ. ಯಂತ್ರ ಕೆಟ್ಟಿಲ್ಲ. ಹೊಸ ಎಸ್ಎಸ್‌ಡಿ ಹಾಕಿ ಲಿನಕ್ಸ್ ಕೂರಿಸಿದರೆ ಇನ್ನೂ ಐದಾರು ವರ್ಷ ದುಡಿಯುವ ಶಕ್ತಿ ಅವಕ್ಕಿದೆ.

ಹಿಂದೆ ಲಿನಕ್ಸ್ ಹೇಗೆ ಸಿಗುತ್ತಿತ್ತು ಎಂಬುದನ್ನು ಸ್ವಲ್ಪ ವಿವರವಾಗಿಯೇ ನೋಡಬೇಕು. 1990ರ ದಶಕದ ನಡುಭಾಗದಲ್ಲಿ ಪಿಸಿಕ್ವೆಸ್ಟ್ ಪತ್ರಿಕೆ ತನ್ನ ಸಂಚಿಕೆಯ ಜತೆಗೆ ಲಿನಕ್ಸ್ ಸಿಡಿ ಹಂಚಲು ಶುರುಮಾಡಿತು. ಆ ಕೆಲಸದ ಹಿಂದೆ ನಿಂತವರು ಬೆಂಗಳೂರಿನ ಅತುಲ್ ಚಿಟ್ನಿಸ್. 2013ರಲ್ಲಿ ತೀರಿಕೊಂಡ ಅವರು ಬೆಂಗಳೂರು ಲಿನಕ್ಸ್ ಬಳಗವನ್ನು ಕಟ್ಟಿದವರಲ್ಲಿ ಒಬ್ಬರು, ‘ಲಿನಕ್ಸ್ ಬ್ಯಾಂಗಲೋರ್’ ಸಮ್ಮೇಳನದ ಮುಂದಾಳು. 2001ರಲ್ಲಿ ಆರಂಭವಾಗಿ ಮುಂದೆ ‘ಫಾಸ್ ಡಾಟ್ ಇನ್’ ಎಂದು ಹೆಸರು ಬದಲಿಸಿಕೊಂಡ ಈ ಸಮ್ಮೇಳನ ಮೊದಲ ವರ್ಷಗಳಲ್ಲಿ ಸೇರುತ್ತಿದ್ದದ್ದು ಯಶವಂತಪುರದ ಮಗ್ಗುಲಲ್ಲೇ ಇರುವ ಭಾರತೀಯ ವಿಜ್ಞಾನ ಸಂಸ್ಥೆಯ ಜೆ.ಎನ್. ಟಾಟಾ ಸಭಾಂಗಣದಲ್ಲಿ. 2003ರ ಫೆಬ್ರವರಿಯಲ್ಲಿ ‘ಲಿನಕ್ಸ್ ಫಾರ್ ಯೂ’ ಮಾಸಿಕ ಬಂತು. ಅದರ ಸಿಡಿ ಕೂಡ ಯಲಹಂಕ, ಮತ್ತಿಕೆರೆ ಕಡೆಯ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಸುಲಭದ ದಾರಿಯಾಯಿತು. ಕಾಲೇಜಿನ ಯುನಿಕ್ಸ್ ಲ್ಯಾಬಿನ ಪಾಠವನ್ನು ಮನೆಯಲ್ಲಿ ಅಭ್ಯಾಸ ಮಾಡಲು ಅವರಿಗೆ ಬೇರೆ ಉಪಾಯ ಹೆಚ್ಚಿರಲಿಲ್ಲ.

ಇನ್ನೊಂದು ದಾರಿ ಅಂಚೆಯದು. ಉಬುಂಟು ಎಂಬ ಲಿನಕ್ಸ್ ವಿತರಣೆಯನ್ನು ಹೊರತರುವ ಕೆನಾನಿಕಲ್ ಕಂಪನಿ ‘ಶಿಪ್‌ಇಟ್’ ಹೆಸರಿನಲ್ಲಿ ಯಾರು ಕೇಳಿದರೂ ಅಂಚೆ ವೆಚ್ಚವನ್ನೂ ತಾನೇ ಹೊತ್ತು ಸಿಡಿ ಕಳಿಸುತ್ತಿತ್ತು. ವಾರಗಟ್ಟಲೆ ಕಾದ ಮೇಲೆ ರಟ್ಟಿನ ಲಕೋಟೆ ಬಂದು ಬೀಳುತ್ತಿತ್ತು. ಒಂದಕ್ಕಿಂತ ಹೆಚ್ಚು ತರಿಸಿಕೊಂಡು ಗೆಳೆಯರಿಗೆ ಹಂಚುವುದಕ್ಕೂ ಅಡ್ಡಿ ಇರಲಿಲ್ಲ. 2011ರ ಏಪ್ರಿಲ್‌ನಲ್ಲಿ ಕಂಪನಿ ಇದನ್ನು ನಿಲ್ಲಿಸಿತು. ಎಲ್ಲರ ಬಳಿಯೂ ಬ್ರಾಡ್‌ಬ್ಯಾಂಡ್ ಇದೆ, ಇನ್ನು ಸಿಡಿ ಯಾಕೆ ಎಂಬ ಲೆಕ್ಕಾಚಾರ ಅದರ ಹಿಂದಿತ್ತು. ಆ ‘ಎಲ್ಲರ’ ಪೈಕಿ ಹಳೆ ಯಂತ್ರದವರು ಎಷ್ಟು ಜನ ಎಂದು ಕೇಳಿ ನೋಡಬಹುದಿತ್ತು.

ಪತ್ರಿಕೆಯ ಸಿಡಿಗೆ ದೋಷಗಳಿದ್ದವು, ಮುಚ್ಚಿಡಬೇಕಿಲ್ಲ. ಓದುಗರ ಕೈ ಸೇರುವ ಹೊತ್ತಿಗೆ ಅದರೊಳಗಿನ ತಂತ್ರಾಂಶ ಹಳತಾಗಿರುತ್ತಿತ್ತು. ಅಂಚೆಯಲ್ಲಿ ಗೀರು ಬಿದ್ದರೆ ಕೂರಿಸುವ ಕೆಲಸ ಶೇಕಡ ತೊಂಬತ್ತಕ್ಕೆ ಬಂದು ನಿಂತುಬಿಡುತ್ತಿತ್ತು. ಸಂಪಾದಕರು ಆರಿಸಿದ್ದೇ ಓದುಗರ ಪಾಲಿಗೆ ಲಿನಕ್ಸ್. ಆದರೂ ಅದರ ದೊಡ್ಡ ಗುಣವೊಂದು ಈಗ ಕಾಣೆಯಾಗಿದೆ. ಸಿಡಿಯ ಜತೆಗೇ ಅದನ್ನು ಕೂರಿಸುವ ಕ್ರಮ ಅಚ್ಚಾಗಿರುತ್ತಿತ್ತು. ಹಾರ್ಡ್‌ಡಿಸ್ಕ್ ಭಾಗ ಮಾಡುವುದು ಹೇಗೆ, ವಿಂಡೋಸ್ ಅಳಿಯದಂತೆ ನೋಡಿಕೊಳ್ಳುವುದು ಹೇಗೆ ಎಂದು ಪುಟಗಟ್ಟಲೆ ಹೇಳುತ್ತಿದ್ದರು. ಆಫೀಸ್ ತಂತ್ರಾಂಶ, ಕಂಪೈಲರ್, ಹಾಡು ಕೇಳುವ ಪ್ರೋಗ್ರಾಂ ಎಲ್ಲ ಅದೇ ತಟ್ಟೆಯಲ್ಲಿ. ಡೆಬಿಯನ್ ಎಂಬ ಇನ್ನೊಂದು ವಿತರಣೆ ಪೂರ್ತಿ ಬೇಕೆಂದರೆ ಹತ್ತಕ್ಕೂ ಹೆಚ್ಚು ಸಿಡಿ ಆಗುತ್ತಿತ್ತು, ಆದರೆ ಅಷ್ಟಿದ್ದರೆ ಇಂಟರ್ನೆಟ್ಟಿನ ಹಂಗೇ ಇಲ್ಲ. ಇಂಟರ್ನೆಟ್ ಇಲ್ಲದ ಮನೆಯನ್ನು ಗಮನದಲ್ಲಿಟ್ಟುಕೊಂಡೇ ಸಿದ್ಧವಾಗುತ್ತಿದ್ದ ವಸ್ತು ಅದು.

ಇವತ್ತಿನ ಡೌನ್‌ಲೋಡ್ ಪುಟಕ್ಕೆ ಆ ಗಮನ ಇಲ್ಲ. ಬಂದವರ ಬಳಿ ಚೆನ್ನಾಗಿ ಓಡುವ ಇನ್ನೊಂದು ಕಂಪ್ಯೂಟರ್ ಇದೆ, ಮಿತಿಯಿಲ್ಲದ ವೈಫೈ ಇದೆ, ಖಾಲಿ ಪೆನ್‌ಡ್ರೈವ್ ಇದೆ, ಲಿನಕ್ಸಿನ ಪೂರ್ತಿ ಪ್ರತಿಯಿರುವ ಐಎಸ್ಒ ಫೈಲನ್ನು ಅದಕ್ಕೆ ‘ಬರೆಯುವುದು’ ಗೊತ್ತಿದೆ ಎಂದು ಅದು ಮೊದಲೇ ನಂಬಿರುತ್ತದೆ. ಹಳೆ ಕಂಪ್ಯೂಟರಿಗೆ ಲಿನಕ್ಸ್ ಬೇಕೆನ್ನುವವರ ಬಳಿ ಇರುವುದು ಹಲವು ಸಲ ಅದೊಂದೇ ಕಂಪ್ಯೂಟರ್, ಅದೂ ಬೂಟ್ ಆಗದೆ ಕೂತಿರುವುದು. ಜತೆಗೊಂದು ಮೊಬೈಲು. ದಿನಕ್ಕೆ 1.5 ಜಿಬಿ ಸಿಗುವ ಪ್ಯಾಕಿನಲ್ಲಿ ಉಬುಂಟು 24.04ರ ಸುಮಾರು 6 ಜಿಬಿ ಫೈಲ್ ಇಳಿಸಲು ನಾಲ್ಕು ದಿನ ಬೇಕು. ಆ ಗಾತ್ರ 4.7 ಜಿಬಿಯ ಡಿವಿಡಿಗೂ ಹಿಡಿಸುವುದಿಲ್ಲ. ಉಬುಂಟು ಸಿಡಿಯ ಅಳತೆಯನ್ನು 2012ರಲ್ಲೇ, 12.10ನೆಯ ಆವೃತ್ತಿಯೊಂದಿಗೆ ಕೈಬಿಟ್ಟಿತ್ತು. ಖಾಲಿ ಸಿಡಿಯ ಮಾತೆತ್ತಿದರೆ ಮೋಸರ್ ಬೇರ್ ಹೆಸರು ನೆನಪಿಗೆ ಬರುತ್ತದೆ. ಆ ಕಂಪನಿಯೇ 2018ರಲ್ಲಿ ಬರಖಾಸ್ತಿಗೆ ಹೋಯಿತು.

ಇಲ್ಲಿ ಒಂದು ಒಳ್ಳೆಯ ಸಾಧನದ ಹೆಸರು ಹೇಳಲೇಬೇಕು. ಎಚ್‌ಡ್ರಾಯ್ಡ್ ಎಂಬ ಮುಕ್ತ ಆ್ಯಪ್ ಆಂಡ್ರಾಯ್ಡ್ ಫೋನಿನಿಂದಲೇ ಐಎಸ್ಒ ಫೈಲನ್ನು ಪೆನ್‌ಡ್ರೈವಿಗೆ ಬರೆಯುತ್ತದೆ. ಬೇಕಾದದ್ದು ಒಂದು ಒಟಿಜಿ ಅಡಾಪ್ಟರ್. ಎರಡನೆಯ ಕಂಪ್ಯೂಟರೇ ಬೇಡ. ಹಳೆ ಯಂತ್ರದವರಿಗೆ ಇದಕ್ಕಿಂತ ಉಪಯೋಗದ ಸುದ್ದಿ ಇನ್ನೊಂದಿಲ್ಲ, ಆದರೂ ದೊಡ್ಡ ವಿತರಣೆಗಳ ಡೌನ್‌ಲೋಡ್ ಪುಟಗಳಲ್ಲಿ ಅದು ಎದ್ದು ಕಾಣುವುದಿಲ್ಲ. ಪೆನ್‌ಡ್ರೈವನ್ನು ಒಮ್ಮೆ ಸಿದ್ಧಮಾಡಿಕೊಂಡರೆ ಆಮೇಲೆ ಐಎಸ್ಒ ಫೈಲುಗಳನ್ನು ಸಿನಿಮಾ ಕಾಪಿ ಮಾಡಿದಂತೆ ಹಾಕಿಟ್ಟರೆ ಸಾಕು ಎನ್ನುವ ವೆಂಟಾಯ್ ಎಂಬ ಸಾಧನ ಕೂಡ ಸರ್ವಿಸ್ ಅಂಗಡಿಯವರಿಗೆ ಹೇಳಿ ಮಾಡಿಸಿದ್ದು.

ಅಂಗಡಿ ಎಂದ ಮೇಲೆ ಎಸ್.ಪಿ. ರೋಡ್ ಬಿಡುವಂತಿಲ್ಲ. ಯಶವಂತಪುರದಲ್ಲಿ ಹಸಿರು ಮಾರ್ಗದ ಮೆಟ್ರೊ ಹತ್ತಿ ಚಿಕ್ಕಪೇಟೆಯಲ್ಲಿ ಇಳಿದರೆ ಸದರ್ ಪತ್ರಪ್ಪ ರಸ್ತೆಗೆ ನಡೆದೇ ಹೋಗಬಹುದು. ಯಲಹಂಕ, ಹೆಬ್ಬಾಳದವರು ಬಸ್ಸಿನಲ್ಲಿ ಫ್ಲೈಓವರ್ ದಾಟಿ ಮೆಜೆಸ್ಟಿಕ್ಕಿಗೆ ಬಂದು ಮುಂದೆ ಹೋಗಬೇಕು. ಅಲ್ಲಿ ಹಳೆ ಡಿಡಿಆರ್2 ರ‍್ಯಾಮ್ ಸಿಗುತ್ತದೆ, ಸೆಕೆಂಡ್ ಹ್ಯಾಂಡ್ ಚಾರ್ಜರ್ ಸಿಗುತ್ತದೆ. ‘ಓಎಸ್ ಹಾಕಿಸಬೇಕು’ ಎಂದರೆ ಮಾತ್ರ ಹೆಚ್ಚಿನ ಕಡೆ ಮುಂದೆ ಬರುವುದು ವಿಂಡೋಸ್ ಪೆನ್‌ಡ್ರೈವ್, ಹಲವು ಸಲ ಲೈಸೆನ್ಸಿನ ಮಾತೇ ಇಲ್ಲದೆ. ಆರ್.ಟಿ. ನಗರದ ಸುಲ್ತಾನ್‌ಪಾಳ್ಯ ಮುಖ್ಯರಸ್ತೆಯಂಥ ಬೀದಿಗಳ ಸಣ್ಣ ಅಂಗಡಿಗಳಲ್ಲೂ ಹೀಗೇ. ಇದನ್ನು ಬರೀ ಕಾನೂನಿನ ಪ್ರಶ್ನೆಯಾಗಿ ನೋಡಿದರೆ ಪಾಠ ತಪ್ಪಿಹೋಗುತ್ತದೆ. ಆ ಅಂಗಡಿಯವರು ಯಂತ್ರವನ್ನು ಬಿಚ್ಚಿ ನೋಡುತ್ತಾರೆ, ಅದಕ್ಕೆ ಹೊಂದುವ ಆವೃತ್ತಿ ಆರಿಸುತ್ತಾರೆ, ವೈಫೈ ಡ್ರೈವರ್ ಹಾಕುತ್ತಾರೆ, ಕನ್ನಡ ಬರೆಯುವ ‘ನುಡಿ’ ತಂತ್ರಾಂಶ ಕೂರಿಸಿ ಕೊಡುತ್ತಾರೆ, ಸಂಜೆ ಹೊತ್ತಿಗೆ ಕೆಲಸ ಮುಗಿದಿರುತ್ತದೆ. ಹಿಂದೆ ಪತ್ರಿಕೆ ಮತ್ತು ಬಳಗಗಳು ಮಾಡಿದ್ದು ಇಂಥದೇ ಕೆಲಸ. ಅದನ್ನು ಲಿನಕ್ಸಿನ ಕಡೆಯವರು ಬಿಟ್ಟರು, ಈ ಅಂಗಡಿಗಳು ಬಿಡಲಿಲ್ಲ.

ಯಾವ ಆವೃತ್ತಿ ಎಂಬಲ್ಲಿಯೇ ಹೊಸಬರು ಹೆಚ್ಚು ಎಡವುತ್ತಾರೆ. ಹಳೆಯದು ಎಂದ ತಕ್ಷಣ 32 ಬಿಟ್ ಎಂದುಕೊಳ್ಳುವುದು ಸಾಮಾನ್ಯ ತಪ್ಪು. ಕೋರ್ 2 ಡ್ಯುಯೊ, ಮೊದಲ ಐ3, ಐ5 ಎಲ್ಲವೂ 64 ಬಿಟ್ ಪ್ರೊಸೆಸರುಗಳೇ. ಅವಕ್ಕೆ ಇಂದಿನ ಸಾಮಾನ್ಯ ಪ್ರತಿಯೇ ಸಾಕು. ನಿಜಕ್ಕೂ 32 ಬಿಟ್ ಬೇಕಾಗುವುದು 2008ರ ಸುಮಾರಿನ ಆಟಮ್ ಎನ್270 ನೆಟ್‌ಬುಕ್ಕುಗಳಿಗೆ, ಅದಕ್ಕೂ ಹಿಂದಿನ ಬಹುಪಾಲು ಪೆಂಟಿಯಂಗಳಿಗೆ. ಅವುಗಳ ಪಾಲಿಗೆ ದಾರಿ ಕಿರಿದಾಗುತ್ತಾ ಬಂದಿದೆ. ಉಬುಂಟು 17.10ರಿಂದ 32 ಬಿಟ್ ಡೆಸ್ಕ್‌ಟಾಪ್ ಪ್ರತಿ ಕೊಡುವುದನ್ನು ನಿಲ್ಲಿಸಿತು. 2025ರ ಆಗಸ್ಟ್ 9ರಂದು ಬಂದ ಡೆಬಿಯನ್ 13ರಲ್ಲಿ ಈ ಯಂತ್ರಗಳಿಗೆ ಇನ್‌ಸ್ಟಾಲರೂ ಇಲ್ಲ, ಕರ್ನಲ್ಲೂ ಇಲ್ಲ. ಇಷ್ಟು ಹಳೆಯ ಯಂತ್ರಗಳನ್ನು ಕೈಬಿಟ್ಟದ್ದನ್ನು ಪೂರ್ತಿ ತಪ್ಪೆನ್ನಲೂ ಆಗದು.

ಇನ್ನು ಕನ್ನಡದ ಮಾತು. ಡೆಬಿಯನ್ ಇನ್‌ಸ್ಟಾಲರ್ ಕನ್ನಡದಲ್ಲಿ ಸಿಗುತ್ತದೆ. ಆದರೆ ಅದು ಚಿತ್ರರೂಪದ ಇನ್‌ಸ್ಟಾಲರಿನಲ್ಲಿ ಮಾತ್ರ. ಬರೀ ಅಕ್ಷರದ ತೆರೆಯಲ್ಲಿ ಭಾರತೀಯ ಲಿಪಿಗಳನ್ನು ಮೂಡಿಸಲು ಆಗದ ಕಾರಣ ಪಟ್ಟಿಯಿಂದ ಕನ್ನಡ ಮಾಯವಾಗುತ್ತದೆ. ಮೆಮೊರಿ ತೀರಾ ಕಡಿಮೆಯಿರುವ ಯಂತ್ರವನ್ನು ಆ ಅಕ್ಷರದ ತೆರೆಗೇ ಕಳಿಸಬೇಕಾಗಿ ಬರುವುದರಿಂದ, ಅತಿ ಹಳೆಯ ಯಂತ್ರ ಇರುವವರಿಗೇ ಇಂಗ್ಲಿಷ್ ಹೇರಿಕೆಯಾಗುತ್ತದೆ. ಕನ್ನಡದ ಸ್ವಯಂಸೇವಕರು ವರ್ಷಗಳ ಕಾಲ ಕೂತು ಅನುವಾದಿಸಿದ ಸಾಲುಗಳು ಅಗತ್ಯ ಹೆಚ್ಚಿರುವ ಕಡೆಗೇ ತಲುಪದಿರುವುದು ನೋವಿನ ಸಂಗತಿ. ಕೇಂದ್ರ ಸರ್ಕಾರದ ಸಂಸ್ಥೆ ಸಿ-ಡ್ಯಾಕ್ 2007ರಿಂದ ಹೊರತರುತ್ತಿರುವ ‘ಬಾಸ್’ ಲಿನಕ್ಸ್ ಡೆಬಿಯನ್ ಮೇಲೆಯೇ ಕಟ್ಟಿದ್ದು, ಭಾರತೀಯ ಭಾಷೆಗಳ ಬೆಂಬಲ ಅದರ ಘೋಷಿತ ಗುರಿ. ಸರ್ಕಾರದ ಹಣದಲ್ಲಿ ತಯಾರಾದ ಈ ತಂತ್ರಾಂಶ ಪೆನ್‌ಡ್ರೈವಿನ ರೂಪದಲ್ಲಿ ಬೆಂಗಳೂರಿನ ಒಂದು ಸರ್ಕಾರಿ ಕೌಂಟರಿನಲ್ಲಾದರೂ ಸಿಗುವಂತಿರಬೇಕಿತ್ತು.

ವೈಫೈ ತೊಡಕು ಬಹಳ ಕಾಲ ಕಾಡಿದ್ದು. ಚಿಕ್ಕ ಗಾತ್ರದ ಡೆಬಿಯನ್ ‘ನೆಟ್‌ಇನ್‌ಸ್ಟ್’ ಪ್ರತಿ ಉಳಿದದ್ದನ್ನೆಲ್ಲ ನೆಟ್‌ವರ್ಕಿನಿಂದ ತರಿಸಿಕೊಳ್ಳುತ್ತದೆ, ಆದರೆ ವೈಫೈ ಚಿಪ್ಪಿಗೆ ಬೇಕಾದ ಫರ್ಮ್‌ವೇರ್ ಮುಕ್ತವಲ್ಲ ಎಂಬ ಕಾರಣಕ್ಕೆ ಅದರೊಳಗೆ ಇರುತ್ತಿರಲಿಲ್ಲ. 2023ರ ಜೂನ್‌ನಲ್ಲಿ ಬಂದ ಡೆಬಿಯನ್ 12ರಿಂದ ಅದನ್ನು ಅಧಿಕೃತ ಪ್ರತಿಯಲ್ಲೇ ಸೇರಿಸಿದ್ದಾರೆ. ತತ್ತ್ವದಲ್ಲಿ ರಾಜಿಯಾಯಿತು ಎಂದು ಕೆಲವರು ಬೇಸರಪಟ್ಟರು. ಬಳಸುವವರ ಕಷ್ಟ ನೋಡಿದರೆ ಸರಿಯಾದ ತೀರ್ಮಾನವೇ. ಹಳೆ ಬ್ರಾಡ್‌ಕಾಮ್ ಚಿಪ್ಪಿರುವ ಲ್ಯಾಪ್‌ಟಾಪುಗಳಿಗೆ ಇದರಿಂದಲೂ ಪರಿಹಾರ ಸಿಗದಿರಬಹುದು. ಫೋನನ್ನು ಯುಎಸ್‌ಬಿ ಕೇಬಲ್ಲಿನಲ್ಲಿ ಜೋಡಿಸಿ ಟೆದರಿಂಗ್ ಹಾಕಿದರೆ ಕೆಲಸ ನಡೆಯುತ್ತದೆ.

ಯಾರೋ ಕೊಟ್ಟ ಪ್ರತಿಯನ್ನು ನಂಬುವುದು ಹೇಗೆ? 2016ರ ಫೆಬ್ರವರಿ 20ರಂದು ಲಿನಕ್ಸ್ ಮಿಂಟ್ ಜಾಲತಾಣಕ್ಕೇ ಕನ್ನ ಬಿದ್ದು, 17.3 ಸಿನಮನ್ ಪ್ರತಿಯ ಕೊಂಡಿ ಕಳ್ಳಬಾಗಿಲಿಟ್ಟ ನಕಲಿ ಪ್ರತಿಯತ್ತ ತಿರುಗಿತ್ತು. ಅಧಿಕೃತ ತಾಣದಲ್ಲೇ ಹೀಗಾದ ಮೇಲೆ ಇಳಿಸಿದ ಫೈಲು ಅಸಲಿಯೇ ಎಂದು ತಿಳಿಯಲು ಅದರ ಎಸ್ಎಚ್ಎ256 ಮೊತ್ತವನ್ನು ತಾಳೆ ನೋಡುವುದು, ಆಗುವುದಾದರೆ ಜಿಪಿಜಿ ಸಹಿಯನ್ನೂ ಪರೀಕ್ಷಿಸುವುದು ಬಿಡುವಂಥ ಹೆಜ್ಜೆಗಳಲ್ಲ. ಫುಟ್‌ಪಾತಿನ ಅಗ್ಗದ ಪೆನ್‌ಡ್ರೈವಿನ ಮೇಲೆ ಬರೆದ ಸಾಮರ್ಥ್ಯವನ್ನೂ ನಂಬಬಾರದು. 64 ಜಿಬಿ ಎಂದು ಬರೆದದ್ದರೊಳಗೆ 4 ಜಿಬಿಯೇ ಇದ್ದರೆ ಬರೆಯುವಾಗ ಎಲ್ಲ ಸರಿಯಿದ್ದಂತೆ ತೋರಿ, ಇನ್‌ಸ್ಟಾಲ್ ಆಗುವಾಗ ನಡುವೆ ಕೈಕೊಡುತ್ತದೆ. ತಪ್ಪು ಲಿನಕ್ಸಿನ ತಲೆಗೆ ಬರುತ್ತದೆ.

ಬೇರೆ ಮಾದರಿಗಳು ಇಲ್ಲವೆಂದಲ್ಲ. ಉಬುಂಟು ಸ್ಥಾಪಕ ಮಾರ್ಕ್ ಶಟಲ್‌ವರ್ತ್ ಹೆಸರಿನ ಪ್ರತಿಷ್ಠಾನದ ಬೆಂಬಲದಿಂದ ದಕ್ಷಿಣ ಆಫ್ರಿಕಾದಲ್ಲಿ ‘ಫ್ರೀಡಂ ಟೋಸ್ಟರ್’ ಎಂಬ ಯಂತ್ರಗಳನ್ನು ಸಾರ್ವಜನಿಕ ಸ್ಥಳಗಳಲ್ಲಿ ಇಟ್ಟಿದ್ದರು. ಖಾಲಿ ಸಿಡಿ ತಂದವರು ತಮಗೆ ಬೇಕಾದ ಲಿನಕ್ಸ್ ಆರಿಸಿ ಬರೆಸಿಕೊಂಡು ಹೋಗಬಹುದಿತ್ತು. ಬೆಂಗಳೂರಿನಲ್ಲೇ ಫ್ರೀ ಸಾಫ್ಟ್‌ವೇರ್ ಮೂವ್‌ಮೆಂಟ್ ಕರ್ನಾಟಕದ ಸ್ವಯಂಸೇವಕರು ಬನ್ನೇರುಘಟ್ಟ ರಸ್ತೆ ಕಡೆಯ ಕೊಳೆಗೇರಿಯೊಂದರಲ್ಲಿ ಅಂಬೇಡ್ಕರ್ ಸಮುದಾಯ ಕಂಪ್ಯೂಟರ್ ಕೇಂದ್ರ ಕಟ್ಟಿ, ಮುಕ್ತ ತಂತ್ರಾಂಶದ ಮೇಲೆಯೇ ಮಕ್ಕಳಿಗೆ ಕಲಿಸಿದರು. ಅಂಥ ಕೆಲಸ ಉತ್ತರ ಬೆಂಗಳೂರಿಗೂ ಬೇಕು. ಅದಕ್ಕೆ ಹೊಸ ಕಟ್ಟಡ ಬೇಕಿಲ್ಲ. ನಗರ ಕೇಂದ್ರ ಗ್ರಂಥಾಲಯದ ಶಾಖೆಗಳು ಪುಸ್ತಕದಂತೆಯೇ ಪೆನ್‌ಡ್ರೈವನ್ನೂ ಎರವಲು ಕೊಡಲಿ. ತಾಳೆ ನೋಡಿದ ಕೆಲವು ಪ್ರತಿಗಳು, ಕನ್ನಡದಲ್ಲಿ ಅಚ್ಚು ಹಾಕಿಸಿದ ಎರಡು ಪುಟದ ಸೂಚನೆ, ತಿಂಗಳಿಗೊಂದು ಭಾನುವಾರ ಹತ್ತಿರದ ಎಂಜಿನಿಯರಿಂಗ್ ಕಾಲೇಜಿನ ಇಬ್ಬರು ವಿದ್ಯಾರ್ಥಿಗಳು, ಇಷ್ಟರಲ್ಲಿ ಶುರುಮಾಡಬಹುದು. ಯಲಹಂಕದ ಸುತ್ತ ಅಂಥ ಕಾಲೇಜುಗಳಿಗೆ ಬರವಿಲ್ಲ.

ಮೊದಲ ಪೆನ್‌ಡ್ರೈವಿನಲ್ಲಿ ಏನಿರಬೇಕೆಂದು ಕೇಳಿದರೆ: 64 ಬಿಟ್ ಯಂತ್ರಗಳಿಗೆ ಲಿನಕ್ಸ್ ಮಿಂಟ್‌ನ ಎಕ್ಸ್ಎಫ್‌ಸಿಇ ಪ್ರತಿ, 2 ಜಿಬಿ ಮೆಮೊರಿಯವಕ್ಕೆ ಇನ್ನೂ ಹಗುರವಾದ ಆ್ಯಂಟಿಎಕ್ಸ್, ಮತ್ತು ಆಟಮ್ ನೆಟ್‌ಬುಕ್ಕುಗಳಿಗಾಗಿ ಡೆಬಿಯನ್ 12ರ 32 ಬಿಟ್ ಪ್ರತಿ. ಡೆಬಿಯನ್ 12ಕ್ಕೆ ದೀರ್ಘಾವಧಿ ಬೆಂಬಲ ಇರುವುದು 2028ರ ಜೂನ್‌ವರೆಗೆ. ಆಮೇಲೆ ಅದು ಮುಖ್ಯ ಸರ್ವರುಗಳಿಂದ ಸಂಗ್ರಹದ ಸರ್ವರಿಗೆ ಸರಿಯುತ್ತದೆ, ಹುಡುಕುವುದು ಇನ್ನಷ್ಟು ಕಷ್ಟವಾಗುತ್ತದೆ. ಆ ಒಂದು ಪ್ರತಿಯನ್ನಂತೂ ಗ್ರಂಥಾಲಯವಾಗಲಿ, ಕಾಲೇಜಾಗಲಿ, ಸರ್ವಿಸ್ ಅಂಗಡಿಯಾಗಲಿ, ಯಾರಾದರೂ ಅದರ ಪೂರ್ತಿ ಡಿವಿಡಿ ಸಮೇತ ಈಗಲೇ ಇಳಿಸಿ ಇಟ್ಟುಕೊಂಡಿರಬೇಕು.