ಲಾಂಛನಕ್ಕೆ ಸಂದ ಕ್ಷಮೆ

ಶೇಕ್ಕಿಳಾರರ 12ನೆಯ ಶತಮಾನದ ‘ಪೆರಿಯಪುರಾಣ’ದಲ್ಲಿ ಮುತ್ತನಾಥನು ಶಿವಭಕ್ತನ ವೇಷದಿಂದ ಬಂದು, ಗ್ರಂಥದ ಕಟ್ಟಿನಲ್ಲಿ ಅಡಗಿಸಿದ್ದ ಆಯುಧದಿಂದ ಮೆಯ್ಪೊರುಳ್ ನಾಯನಾರರನ್ನು ಇರಿಯುತ್ತಾನೆ. ಅಂಗರಕ್ಷಕ ದತ್ತನು ಖಡ್ಗವೆತ್ತಲು, ಈತನು ನಮ್ಮವನೆಂದು ಅರಸರು ತಡೆಯುತ್ತಾರೆ. ಆತನು ಕ್ಷೇಮವಾಗಿ ಊರು ದಾಟಿದ ವಾರ್ತೆ ಕೇಳಿದ ಬಳಿಕವೇ ಪ್ರಾಣ ಬಿಡುತ್ತಾರೆ.

ಅರಸರ ಹಿರಿಮೆ ಪ್ರಶ್ನಾತೀತ. ಆದರೆ ವಿಭೂತಿಯಿಲ್ಲದ ಹಣೆಯವನೊಬ್ಬನು ಹೀಗೆಯೇ ಇರಿದಿದ್ದರೆ ಕ್ಷಮೆ ದೊರೆಯುತ್ತಿತ್ತೆ? ಕಾವ್ಯದಲ್ಲಿ ಕ್ಷಮೆ ಸಂದುದು ಲಾಂಛನಕ್ಕೆ; ಅದರ ಮರೆಯಲ್ಲಿ ಕೊಲೆಗಾರನು ಪಾರಾದನು.

‘ನಮ್ಮವ’ನೆಂಬ ಭಾವವು ಬಸವಣ್ಣನವರ ಪ್ರಸಿದ್ಧ ವಚನದಲ್ಲಿಯೂ ಉಂಟು. ಅಲ್ಲಿ ಅದಕ್ಕೆ ವೇಷದ ನಿಬಂಧನೆಯಿಲ್ಲ; ಬಂದವನು ಯಾರವನೆಂಬ ಪ್ರಶ್ನೆಯೇ ಸಲ್ಲದು. ಇತ್ತ ಅಂಬಿಗರ ಚೌಡಯ್ಯನವರು ಆಚಾರಹೀನ ಲಾಂಛನಧಾರಿಗಳನ್ನು ಕಟುವಾಗಿ ಖಂಡಿಸುತ್ತಾರೆ. ಹೊರಗಿನವನಿಗೆ ತೆರೆದ ಬಾಗಿಲು, ಒಳಗಿನವನ ತಪ್ಪಿಗೆ ನಿಷ್ಠುರ ವಿಚಾರಣೆ: ಇವೆರಡೂ ಕೂಡಿದಲ್ಲಿ ಮಾತ್ರ ಕ್ಷಮೆಯು ಪಕ್ಷಪಾತದಿಂದ ಬಿಡುಗಡೆ ಹೊಂದಿ ಧರ್ಮವೆನಿಸುತ್ತದೆ.