ಧರೆಗೆ ದೊಡ್ಡವರಿಗೆ ಇಲ್ಲವೆಂದವರು

ತಮಿಳುನಾಡಿನ ತಾಳವಾಡಿ ಸೀಮೆಯ ಪಣಕಹಳ್ಳಿಯವರು ತಮ್ಮ ಜಿಲ್ಲಾ ಕೇಂದ್ರವಾದ ಈರೋಡಿಗೆ ಹೋಗಬೇಕಾದರೆ ದಿಂಬಂ ಘಾಟಿಯ 27 ತಿರುವು ಇಳಿಯಬೇಕು. ಚಾಮರಾಜನಗರ ಅದಕ್ಕಿಂತ ಎಷ್ಟೋ ಹತ್ತಿರ. 1956ರಲ್ಲಿ ಕೊಳ್ಳೇಗಾಲ ಮೈಸೂರಿಗೆ ಸೇರಿತು, ತಾಳವಾಡಿ ಸೀಮೆ ಮದ್ರಾಸಿನಲ್ಲೇ ಉಳಿಯಿತು. ಮನೆಮಾತಾದ ಕನ್ನಡ ಮಾತ್ರ ಆ ಗಡಿಗೆರೆಗೆ ಸೊಪ್ಪು ಹಾಕಲಿಲ್ಲ. ಹೀಗೆ ಅಂಚಿನಲ್ಲಿ ಬದುಕಿದವರಿಗೆ ಮಂಟೇಸ್ವಾಮಿ ಕಾವ್ಯ ಬೇರೆಯದೇ ರೀತಿ ಕೇಳಿಸುತ್ತದೆ. ಅದೂ ಹೊಸ್ತಿಲಾಚೆ ನಿಂತವನ ಕತೆಯೇ.

ತಂಬೂರಿ, ಗಗ್ಗರ, ಡಮ್ಮಡಿ ಹಿಡಿದ ನೀಲಗಾರರೆಂಬ ಗಾಯಕರು ರಾತ್ರಿಯಿಡೀ ಹಾಡುವ ಈ ಕಾವ್ಯದ ಜೀವ ಇರುವುದು ‘ಕಲ್ಯಾಣದ ಸಾಲು’ ಎಂಬ ಭಾಗದಲ್ಲಿ. ಬಸವಣ್ಣನ ಮನೆಯಲ್ಲಿ ಲಕ್ಷದ ತೊಂಬತ್ತಾರು ಸಾವಿರ ಜಂಗಮರಿಗೆ ದಿನವೂ ದಾಸೋಹ. ಅಲ್ಲಿಗೆ ‘ಧರೆಗೆ ದೊಡ್ಡವರು’ ಎನಿಸಿಕೊಂಡ ಮಂಟೇಸ್ವಾಮಿ ಬರುವುದು ಕೊಳೆತ ಮಾಂಸ, ಹೆಂಡ ಹೊತ್ತು, ನೋಡಲಾರದ ರೂಪದಲ್ಲಿ. ಸಮಾನತೆ ಸಾರಿದ ಊರಿನ ಬಾಗಿಲಲ್ಲೇ ಅವನಿಗೆ ತಡೆ. ವಿಭೂತಿಧಾರಿಗಳು ಮೂಗು ಮುಚ್ಚುತ್ತಾರೆ. ಬಸವಣ್ಣ, ಅವನ ಹೆಂಡತಿ ನೀಲಮ್ಮ ಮಾತ್ರ ಆ ನಾತವನ್ನೂ ಒಪ್ಪಿಕೊಂಡು ಗೆಲ್ಲುತ್ತಾರೆ.

ಈ ಕಲ್ಪನೆ ಅಸಾಧಾರಣ. ಕಲ್ಯಾಣ ಕೆಟ್ಟದ್ದು ಬಿಜ್ಜಳನ ಕಾಲದ ರಾಜಕೀಯದಿಂದ ಎಂದು ಚರಿತ್ರೆ ಓದಿದವರು ಹೇಳುತ್ತಾರೆ. ಶರಣರು ಒಳಗಿನಿಂದಲೇ ಹುಳಿತಿದ್ದರು ಎಂದು ಅಕ್ಷರ ಬಾರದ ಗಾಯಕರು ಹೇಳುತ್ತಾರೆ. ಕ್ರಾಂತಿಯೊಂದು ಪದ್ಧತಿಯಾಗಿ ಹೆಪ್ಪುಗಟ್ಟುವುದನ್ನು ಮೂಗಿನಿಂದ ಪತ್ತೆ ಮಾಡಿದ ಕಾವ್ಯ ಇದು. ವಾದ ಹೂಡುವುದಿಲ್ಲ, ಎದುರಿಗೆ ವಾಸನೆ ತಂದಿಡುತ್ತದೆ. ಮಡಿ ಎಷ್ಟು ಆಳಕ್ಕೆ ಇಳಿದಿದೆ ಎಂಬುದು ಅಷ್ಟರಲ್ಲೇ ಬಯಲು.

ಆದರೆ ಕತೆ ದಕ್ಷಿಣಕ್ಕೆ ಇಳಿದ ಮೇಲೆ ನನಗೆ ತಕರಾರಿದೆ. ಮಂಟೇಸ್ವಾಮಿ ಅಕ್ಕಸಾಲಿ-ಕಮ್ಮಾರರ ಕುಲದ ಕೆಂಪಾಚಾರಿಯನ್ನು ಶಿಶುಮಗನಾಗಿ, ಎಂದರೆ ಶಿಷ್ಯನಾಗಿ, ಕೊಡಿ ಎಂದು ಕೇಳುತ್ತಾನೆ. ಮನೆಯವರು ಒಲ್ಲೆ ಎಂದರೆ ಕಷ್ಟ ಕೊಟ್ಟು ಕಿತ್ತುಕೊಳ್ಳುತ್ತಾನೆ. ಆ ಹುಡುಗನೇ ಸಿದ್ಧಪ್ಪಾಜಿ. ಮುಂದೆ ಅವನನ್ನೇ ಹಲಗೂರಿನ ಪಾಂಚಾಳ ಕಮ್ಮಾರರ ಬಳಿಗೆ ಕಬ್ಬಿಣದ ಭಿಕ್ಷೆಗೆ ಕಳಿಸಲಾಗುತ್ತದೆ. ಅವರೂ ಒಲ್ಲೆ ಎನ್ನುತ್ತಾರೆ, ಪವಾಡಗಳ ಮುಂದೆ ಸೋಲುತ್ತಾರೆ. ಕಮ್ಮಾರರ ಮಗನ ಕೈಯಿಂದಲೇ ಕಮ್ಮಾರರ ಸೊಕ್ಕು ಮುರಿಸುವುದರಲ್ಲಿ ಕಾವ್ಯಕ್ಕೆ ಹಿಗ್ಗು. ಕಲ್ಯಾಣದಲ್ಲಿ ಮಂಟೇಸ್ವಾಮಿ ತಲೆಬಾಗದಿದ್ದರೆ ಅದು ಮಹಿಮೆ. ಹಲಗೂರಿನವರು ತಲೆಬಾಗದಿದ್ದರೆ ಅದು ಅಹಂಕಾರ. ದುಡಿದು ಕಾಯಿಸಿ ಬಡಿದ ಕಬ್ಬಿಣವನ್ನು ಕೊಡೆನೆನ್ನುವ ಹಕ್ಕು ಅವರಿಗಿರಲಿಲ್ಲವೇ? ಹೆತ್ತ ಮಗನನ್ನು ಬಿಡೆನೆಂಬ ತಾಯಿಯ ಮಾತು ಪ್ರತಿರೋಧವಲ್ಲವೇ?

ಹಾಗೆಂದು ಕಾವ್ಯವನ್ನು ತಳ್ಳಿಹಾಕಲಾಗದು. ಒಲ್ಲೆನೆಂದವರ ಮಾತನ್ನು ಅದು ನುಂಗಿಹಾಕಿಲ್ಲ. ಹಿ.ಚಿ. ಬೋರಲಿಂಗಯ್ಯ ಸಂಪಾದಿಸಿದ, ಹಂಪಿಯ ಕನ್ನಡ ವಿಶ್ವವಿದ್ಯಾಲಯ ಪ್ರಕಟಿಸಿದ ಪಠ್ಯ ನಮ್ಮ ಕೈಲಿರುವುದರಿಂದ ಅವರ ಪರವಾಗಿಯೂ ಇಂದು ಓದಬಹುದು.

ಕಾವ್ಯದ ಒಳ್ಳೆಯ ಅರ್ಧ ಆಚರಣೆಯಲ್ಲಿ ಉಳಿದಿದೆ. ಬನದ ಹುಣ್ಣಿಮೆಗೆ ಶುರುವಾಗುವ, ಸಿದ್ಧಪ್ಪಾಜಿಯ ಚಿಕ್ಕಲ್ಲೂರು ಜಾತ್ರೆಯಲ್ಲಿ ಐದು ದಿನಗಳ ಪೈಕಿ ಒಂದು ದಿನ ಪಂಕ್ತಿಸೇವೆ. ಬಿಡಾರಗಳ ಮುಂದೆ ಬಾಡೂಟ ಬೇಯುತ್ತದೆ, ಜಾತಿ ಕೇಳದೆ ಜನ ಸಾಲಾಗಿ ಕೂತು ಉಣ್ಣುತ್ತಾರೆ. ಪ್ರಾಣಿಬಲಿ ನಿಷೇಧದ ಹೆಸರಲ್ಲಿ ಈಚಿನ ವರ್ಷಗಳಲ್ಲಿ ಈ ಊಟಕ್ಕೂ ಕಡಿವಾಣ ಬಿದ್ದಿದೆ. ಅಹಿಂಸೆಯ ಮಾತು ಸಣ್ಣದಲ್ಲ. ಆದರೆ ಕಾಯಿದೆ ಹಿಡಿದು ಬಂದವರು ಆ ಸಾಲಿನಲ್ಲಿ ಒಮ್ಮೆಯಾದರೂ ಕೂತು ಉಂಡಿದ್ದಾರೆಯೇ ಎಂಬುದು ಮಂಟೇಸ್ವಾಮಿ ಕಲ್ಯಾಣದ ಬಾಗಿಲಲ್ಲಿ ಕೇಳಿದ ಪ್ರಶ್ನೆಯೇ.

ಕಾಲ ಅಲುಗಾಡುವಾಗ ಹಿಂಡಿನ ಜೊತೆ ಹೋಗುವುದು ಸುಲಭ, ಹಿಂಡನ್ನು ಬಿಟ್ಟವನ ಹಿಂದೆ ಇನ್ನೊಂದು ಹಿಂಡಾಗುವುದು ಇನ್ನೂ ಸುಲಭ. ಮೊದಲನೆಯದನ್ನು ಈ ಕಾವ್ಯ ಕಂಡಷ್ಟು ನಿಚ್ಚಳವಾಗಿ ಎರಡನೆಯದನ್ನು ಕಾಣಲಿಲ್ಲ. ಮುಂದಿನ ಸಲ ತಂಬೂರಿಯ ದನಿ ಕೇಳಿದರೆ ಕಲ್ಯಾಣದ ಸಾಲಿಗೆ ತಲೆದೂಗಿ. ಹಲಗೂರಿನ ಸಾಲು ಬಂದಾಗ ಕುಲುಮೆಯ ಪಕ್ಕ ಕೂತು ಕೇಳಿ.